ಪತ್ತನಾಜೆಗೆ ಒಡೆಯಬೇಕಿದ್ದ ಕಟ್ಟ

ಕಳೆದ ಭಾನುವಾರ ಬೆಳಿಗ್ಗೆ ಕಡಬ ಪೇಟೆಯ ಹಿಂದೆ ಹೊಸ ದಾರಿಯೊಂದನ್ನು ಹುಡುಕಿಕೊಂಡು ನಡೆಯುತ್ತಿದ್ದೆ. ಯಾವ ಊರಿಗೆ ವರ್ಗವಾದರೂ ಈ ಚಟ ನನ್ನನ್ನು ಬಿಟ್ಟಿಲ್ಲ. ಜೀಪುಗಳು ನಿಲ್ಲುವ ಜಾಗ ದಾಟಿ, ರಬ್ಬರ್ ಶೀಟು ಒಣಹಾಕಿದ ಎರಡು ಮನೆಗಳ ನಡುವಿನ ಸಂದಿಯಲ್ಲಿ ಮೇಲೆ ಹತ್ತಿದರೆ, ಅಲ್ಲಿ ಜೆಸಿಬಿ ಒಂದು ಗುಡ್ಡವನ್ನು ಅರ್ಧ ಕಡಿದು ನಿಂತಿತ್ತು. ಹಿಂದಿನ ದಿನ ಮಳೆ ಬಂದಿತ್ತು. ಆಗ ತಾನೇ ಕಡಿದ ಜೇಡಿಮಣ್ಣಿನ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಕತ್ತಿನ ಸೀಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಆ ವಾಸನೆಯೆಂದರೆ ನನಗೆ ಹೆದರಿಕೆ. ಮೂರು ಮಳೆಗಾಲ ಕಳೆದರೂ ಹೆದರಿಕೆ ಹೋಗಿಲ್ಲ. ಯಾಕೆ ಹೆದರಿಕೆ ಎಂದು ಆ ದಿನದವರೆಗೆ ಒಬ್ಬರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ, ಈಗ ಹೇಳಿಬಿಡುತ್ತೇನೆ.

ಆಗ ನಾನು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹುಟ್ಟೂರು ಸುಳ್ಯದ ಕಡೆ, ಮನೆಮಾತು ಅರೆಭಾಷೆ, ಹೆಸರು ಹೇಮಾವತಿ. ಸ್ವಭಾವ ಕೇಳುವುದೇ ಬೇಡ, ಸಿಟ್ಟು ಮೂಗಿನ ತುದಿಯಲ್ಲೇ. ಆರು ಗಂಟೆಗೆ ಬನ್ನಿ ಎಂದರೆ ಆರಕ್ಕೆ ಬರಬೇಕು, ಆರೂ ಐದಕ್ಕೆ ಬಂದವರಿಗೆ ನನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಭಾನುವಾರ ಭಾನುವಾರ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಪೇಟೆ ಸುತ್ತುವುದು ನಾನೇ ಶುರುಮಾಡಿದ ಕೆಲಸ. ಮೊದಲು ಬಂದವಳು ದರ್ಬೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದ ಸಫಿಯಾ. ಡಾಕ್ಟರು ಅವಳಿಗೆ ಸಕ್ಕರೆ ಕಾಯಿಲೆಗೆ ನಡೆಯಬೇಕು ಎಂದಿದ್ದರಂತೆ. "ಸುಮ್ಮನೆ ಮೈದಾನಕ್ಕೆ ಸುತ್ತು ಹೊಡೆದರೆ ತಲೆ ತಿರುಗ್ತದೆ ಟೀಚರ್, ಎಲ್ಲಿಗಾದ್ರೂ ಹೋಗುವ" ಎಂದವಳೂ ಅವಳೇ.

ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಪುತ್ತೂರೆಂದರೆ ಒಂದು ಉದ್ದನೆಯ ರಸ್ತೆ, ಅದರ ತುಂಬ ಹಾರ್ನು. ನಡೆಯುವವರಿಗೆ ಅದು ಬೇರೆಯೇ ಊರು. ಎರಡು ಅಂಗಡಿಗಳ ನಡುವೆ ಮೆಟ್ಟಿಲಿಳಿದರೆ ನೀರು ಹರಿಯುವ ತೋಡು, ತೋಡಿನ ಬದಿಯಲ್ಲೇ ಹೋದರೆ ಯಾವುದೋ ಟಯರ್ ಅಂಗಡಿಯ ಹಿತ್ತಿಲಿನಲ್ಲಿ ಮಂಗಟ್ಟೆ ಹಕ್ಕಿಗಳು ಬಂದು ಕೂರುವ ಆಲದಮರ. ಪರ್ಲಡ್ಕದಿಂದ ಒಳಗೆ ನುಗ್ಗಿದರೆ ಮುರಕಲ್ಲು ಕಡಿದು ಬಿಟ್ಟ, ನೀರು ತುಂಬಿದ ಹಳೇ ಕೋರೆ, ಬೀರಮಲೆ ಹತ್ತಿದರೆ ಕೆಳಗೆ ಮಂಜಿನಲ್ಲಿ ಇಡೀ ಪೇಟೆ. ಈ ಊರಿನಲ್ಲೇ ಹುಟ್ಟಿದವರು ಕೂಡ ನಮ್ಮೊಂದಿಗೆ ಬಂದು "ಇದು ಇಲ್ಲಿ ಉಂಟಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳಿದಾಗಲೆಲ್ಲ ಊರನ್ನು ನಾನೇ ಕಟ್ಟಿದ ಹಾಗೆ ಬೀಗುತ್ತಿದ್ದೆ.

ಮಾರ್ಚ್ ತಿಂಗಳ ಒಂದು ಭಾನುವಾರ ಹೀಗೆಯೇ ಒಂದು ಓಣಿಗೆ ಹೊಕ್ಕೆವು. ಓಣಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿ ಜಾಗ ಮಾರುವವರಿಗೆ ನನ್ನ ಮೇಲೆ ಸಿಟ್ಟು ಬಂದೀತು. ಗುಡ್ಡದ ಬುಡದಲ್ಲಿ ಏಳು ಮನೆಗಳು. ಎಲ್ಲಕ್ಕಿಂತ ಮೇಲಿನದು ಬೀಡಿ ಕಟ್ಟುವ ವಾರಿಜಕ್ಕನದು. ಹಿಂದೆ ಯಾರೋ ಮನೆಯ ಜಾಗಕ್ಕಾಗಿ ಗುಡ್ಡವನ್ನು ಗೋಡೆಯ ಹಾಗೆ ನೇರ ಕಡಿದಿದ್ದರು, ಆ ಕಡಿದ ಮಣ್ಣಿಗೆ ಬೆನ್ನು ಕೊಟ್ಟ ಹಾಗೆ ಅವಳ ಮನೆ. ಹಿತ್ತಿಲಿನ ಮೂಲೆಯಲ್ಲಿ, ಹಂದಿಬಳ್ಳಿಯ ಮರೆಯಲ್ಲಿ, ಒಂದು ಸುರಂಗದ ಬಾಯಿ ಕಂಡಿತು. ಸುರಂಗವೆಂದರೆ ನಮ್ಮ ಕಡೆ ಅಡ್ಡ ಮಲಗಿದ ಬಾವಿ. ಗುಡ್ಡದ ಹೊಟ್ಟೆಯೊಳಕ್ಕೆ ಒಬ್ಬ ಬಗ್ಗಿಕೊಂಡು ಹೋಗುವಷ್ಟು ಅಗಲಕ್ಕೆ ಕೊರೆಯುತ್ತಾರೆ. ಒಳಗೆ ಒಸರುವ ನೀರಿಗೆ ಮೊಣಕಾಲೆತ್ತರದ ಮಣ್ಣಿನ ಕಟ್ಟ ಹಾಕಿ ನಿಲ್ಲಿಸಿ, ಕೊಳವೆಯಲ್ಲಿ ಹೊರಗಿನ ಟಾಂಕಿಗೆ ಬಿಡುತ್ತಾರೆ.

"ಇದ್ರಲ್ಲಿ ನೀರು ನಿಂತು ಹೋಗಿ ಎಷ್ಟೋ ವರ್ಷ ಆಯ್ತು" ಎಂದಳು ವಾರಿಜಕ್ಕ. "ತೋಡಿದವರಲ್ಲಿ ಈಗ ಉಳಿದದ್ದು ಐತಪ್ಪಣ್ಣ ಒಬ್ರೇ."

ಐತಪ್ಪಣ್ಣನನ್ನು ಹುಡುಕಿ ಕರೆತಂದೆ. ಎಪ್ಪತ್ತರ ಆಸುಪಾಸು, ಕಡ್ಡಿಯಂಥ ಆಳು, ಒಂದು ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ. ಹರೆಯದಲ್ಲಿ ಮಾವನ ಜೊತೆ ಈ ಸುರಂಗ ತೋಡಿದ್ದರಂತೆ. ಕ್ಯಾಂಡಲ್ ಹಿಡಿದು ಒಳಗೆ ಹೋಗಿ ಬಂದು "ನೀರು ಉಂಟು, ಕಟ್ಟ ಹೋಗಿದೆ ಅಷ್ಟೆ" ಎಂದರು. ಮುಂದಿನ ಭಾನುವಾರ ನಾವೆಲ್ಲ ಸಾಲಾಗಿ ನಿಂತು ಜೇಡಿಮಣ್ಣಿನ ಉಂಡೆಗಳನ್ನು ಕೈಯಿಂದ ಕೈಗೆ ದಾಟಿಸಿದೆವು, ಐತಪ್ಪಣ್ಣ ಒಳಗೆ ಕುಳಿತು ಕಟ್ಟ ಕಟ್ಟಿದರು. ನಾಲ್ಕನೇ ದಿನಕ್ಕೆ ಕೊಳವೆಯಲ್ಲಿ ನೀರು ಬಂತು. ಬೇಸಿಗೆಗೆ ಬಾವಿ ಬತ್ತಿ, ನಲ್ಲಿ ನೀರಿಗೆ ದಿನಗಟ್ಟಲೆ ಕಾಯುತ್ತಿದ್ದ ಏಳು ಮನೆಯವರು ಕೊಡ ಹಿಡಿದು ನಗುತ್ತಾ ನಿಂತಿದ್ದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಏಪ್ರಿಲಿನಲ್ಲಿ ಮಣ್ಣಿನ ಕಟ್ಟ ಅಲ್ಲಲ್ಲಿ ಒಸರತೊಡಗಿತು. ಶಾಲೆಯ ಕಂಪೌಂಡು ಸರಿಮಾಡಲು ಬಂದಿದ್ದ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಮಣ್ಣಿನ ಜಾಗದಲ್ಲಿ, ಸುರಂಗದ ನೆತ್ತಿ ಮುಟ್ಟುವಷ್ಟು ಎತ್ತರಕ್ಕೆ, ಗಟ್ಟಿಯಾಗಿ ಸಿಮೆಂಟಿನ ಕಟ್ಟ ಹಾಕಿಸಿದೆ. ಸಿಮೆಂಟು ಹಸಿಯಿರುವಾಗ ಒಳಗೆ ನುಗ್ಗಿ, ಬೆರಳಿನಲ್ಲಿ "ನಡಿಗೆ ಬಳಗ" ಎಂದು ಬರೆದು, ಕೆಳಗೆ ನನ್ನ ಹೆಸರನ್ನೂ ಬರೆದೆ. ಸುರಂಗದ ಕತ್ತಲೆಯಲ್ಲಿ ಅದನ್ನು ಓದುವವರು ಯಾರು ಎಂದು ನಾನು ಯೋಚಿಸಲಿಲ್ಲ.

ಐತಪ್ಪಣ್ಣನಿಗೆ ಸುದ್ದಿ ಮುಟ್ಟಿ, ಸಂಜೆ ಶಾಲೆಯ ಗೇಟಿಗೇ ಬಂದರು.

"ಟೀಚರ್, ಅದು ಆಗ್ಲಿಕ್ಕಿಲ್ಲ. ಮಣ್ಣಿನ ಕಟ್ಟ ಆದ್ರೆ ಕಾಲಲ್ಲಿ ಒದ್ದರೆ ಹೋಗ್ತದೆ. ಮಳೆಗಾಲದಲ್ಲಿ ಗುಡ್ಡೆಗೆ ನೀರು ಹೊರಗೆ ಬಿಡ್ಲಿಕ್ಕೆ ಬಾಯಿ ಬೇಕು. ಬಾಯಿ ಮುಚ್ಚಿದ್ರೆ ಅದು ಬೇರೆ ದಾರಿ ನೋಡ್ತದೆ."

"ಪ್ರತಿ ವರ್ಷ ಕಟ್ಟಿ ಒಡೆದು ಎಂತ ಮಾಡುದು ಐತಪ್ಪಣ್ಣ? ಒಂದು ಸಲ ಗಟ್ಟಿ ಮಾಡಿದ್ರೆ ಆಯ್ತಲ್ಲ."

"ಪತ್ತನಾಜೆಗೆ ಒಡೀಲೇಬೇಕು. ಸಿಮೆಂಟನ್ನು ಯಾರು ಒಡೀತಾರೆ?"

"ನಾನು ಒಡೆಸ್ತೇನೆ. ನನ್ನ ಜವಾಬ್ದಾರಿ. ನೀವು ತಲೆಬಿಸಿ ಮಾಡ್ಬೇಡಿ" ಎಂದೆ, ಶಾಲೆಯ ಮಕ್ಕಳಿಗೆ ಹೇಳುವ ದನಿಯಲ್ಲೇ. ಅವರು ತಿರುಗಿ ನಡೆದರು. ಮತ್ತೆ ಆ ಓಣಿಗೂ ಬರಲಿಲ್ಲ.

ಪತ್ತನಾಜೆಯೆಂದರೆ ತುಳುನಾಡಿನಲ್ಲಿ ಭೂತಕೋಲ, ಬಯಲಾಟಗಳೆಲ್ಲ ಮುಗಿದು ಗೆಜ್ಜೆ ಬಿಚ್ಚುವ ದಿನ. ಮೇ ತಿಂಗಳ ಕೊನೆಗೆ ಬರುತ್ತದೆ, ಅಲ್ಲಿಂದ ಮುಂದೆ ಮಳೆಯ ಲೆಕ್ಕ. ಆ ವರ್ಷ ಪತ್ತನಾಜೆ ಬಂತು, ಮಳೆ ಬರಲಿಲ್ಲ. ಮೇಸ್ತ್ರಿಗೆ ಫೋನು ಮಾಡೋಣವೆಂದು ಹೊರಟವಳನ್ನು ಓಣಿಯ ಹೆಂಗಸರು ತಡೆದರು. "ಒಂದು ಮಳೆ ಬರ್ಲಿ ಟೀಚರ್, ಈಗ ಒಡೆದ್ರೆ ಕುಡಿಲಿಕ್ಕೆ ಎಂತ ಉಂಟು?" ಎಂದರು. ಅವರ ಮಾತೂ ಸರಿಯೇ. ಒಂದು ವಾರ ಬಿಟ್ಟೆ. ಅಷ್ಟರಲ್ಲಿ ಶಾಲೆ ಶುರುವಾಯಿತು, ಟೈಮ್‌ಟೇಬಲ್ಲು, ಅಡ್ಮಿಷನ್ನು, ಅದೂ ಇದೂ. ಐತಪ್ಪಣ್ಣನನ್ನು ಕೇಳಬಹುದಿತ್ತು. ಕೇಳಿದರೆ ಸೋತ ಹಾಗಾಗುತ್ತದೆ ಎಂದು ಕೇಳಲಿಲ್ಲ. ಇವತ್ತು ನಾಳೆ ಎನ್ನುತ್ತ ಜೂನ್ ಅರ್ಧ ಕಳೆಯಿತು.

ಆಮೇಲೆ ಮಳೆ ಬಂತು ನೋಡಿ, ಮೂರು ದಿನ ಬಿಡದೆ ಸುರಿಯಿತು. ಜಿಲ್ಲೆಯ ಶಾಲೆಗಳಿಗೆಲ್ಲ ರಜೆ ಸಾರಿದರು. ನಾಲ್ಕನೆಯ ದಿನ ಬೆಳಿಗ್ಗೆ ಮನೆಯಲ್ಲಿ ಕೂರಲಾಗದೆ ಕೊಡೆ ಹಿಡಿದು ಒಬ್ಬಳೇ ಹೊರಟೆ. ಕಟ್ಟದ ನೆನಪಾಗಿ ಹೊರಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮಳೆಯಲ್ಲಿ ಪೇಟೆ ಹೇಗೆ ಕಾಣುತ್ತದೆ ನೋಡುವ ಎಂದಷ್ಟೇ ಇದ್ದದ್ದು. ದರ್ಬೆಯ ಚರಂಡಿಗಳು ರಸ್ತೆಗೆ ಬಂದಿದ್ದವು. ಬೀರಮಲೆ ಕಾಣುತ್ತಲೇ ಇರಲಿಲ್ಲ. ಆ ಓಣಿಯ ತಿರುವಿಗೆ ಬಂದಾಗ ಕಟ್ಟ ನೆನಪಾಯಿತು, ಕಾಲು ಬೇಗ ಬೇಗ ಬಿತ್ತು.

ಮೂರು ದಿನದ ಮಳೆಗೆ ಕೊಳವೆಯಲ್ಲಿ ನೀರು ಧೋ ಎಂದು ಸುರಿಯಬೇಕಿತ್ತು. ನೂಲಿನಷ್ಟು ಬರುತ್ತಿತ್ತು. ಅದೂ ಕಡು ಚಹಾದಷ್ಟು ಕೆಂಪು. ಕೊಳವೆಯೊಳಗೆ ಮಣ್ಣು ಸಿಕ್ಕಿಕೊಂಡಿದೆ, ನೀರೆಲ್ಲ ಕಟ್ಟದ ಹಿಂದೆ ಗುಡ್ಡದೊಳಗೇ ನಿಂತಿದೆ ಎಂದು ತಿಳಿಯಲು ಬುದ್ಧಿವಂತಿಕೆ ಬೇಕಿರಲಿಲ್ಲ. ಮನೆಯ ಹಿಂದಿನ ಅಂಗಳದಲ್ಲಿ ಗುಡ್ಡದ ಬುಡಕ್ಕೆ ಸಮನಾಗಿ ಒಂದು ಬಿರುಕು ಬಿಟ್ಟಿತ್ತು. ಬೆರಳು ಇಟ್ಟೆ, ಎರಡು ಗಂಟಿನವರೆಗೆ ಒಳಗೆ ಹೋಯಿತು.

ವಾರಿಜಕ್ಕ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಸುತ್ತುತ್ತಿದ್ದಳು.

"ವಾರಿಜಕ್ಕ, ಏಳಿ. ಮನೆ ಬಿಡ್ಬೇಕು. ಈಗಲೇ."

"ಎಂತ ಟೀಚರ್ ನೀವು? ಮಳೆಗಾಲದಲ್ಲಿ ಕೆಂಪು ನೀರು ಬರುದೇ ಅಲ್ವಾ?" ಎಂದು ನಕ್ಕವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಒಳಗೆ ಶೋಭಾ ಇದ್ದಾಳೆ. ಹೆತ್ತು ಒಂಬತ್ತು ದಿನ" ಎಂದಳು.

ಶೋಭಾ ಅವಳ ಮಗಳು. ಬಾಣಂತನಕ್ಕೆ ತಾಯಿಮನೆಗೆ ಬಂದದ್ದು ನನಗೆ ಗೊತ್ತೇ ಇರಲಿಲ್ಲ. ಗಾಳಿ ತಾಗದಿರಲೆಂದು ಎಲ್ಲಕ್ಕಿಂತ ಹಿಂದಿನ ಕೋಣೆಯಲ್ಲಿ, ಕಡಿದ ಗುಡ್ಡಕ್ಕೆ ತಾಗಿದ ಗೋಡೆಯ ಪಕ್ಕದಲ್ಲಿ, ತಾಯಿ ಮಗು ಇಬ್ಬರನ್ನೂ ಬೆಚ್ಚಗೆ ಮಲಗಿಸಿದ್ದರು.

"ಎತ್ತಿ ಹೊರಗೆ ತನ್ನಿ."

"ಎಲ್ಲಿಗೆ ಹೋಗುದು? ಅಮೆ ಕಳೆದಿಲ್ಲ ಟೀಚರ್. ಇನ್ನೂ ಎರಡು ದಿನ ಉಂಟು. ಅಮೆಯಲ್ಲಿ ಇನ್ನೊಬ್ಬರ ಮನೆಯೊಳಗೆ ಕಾಲಿಡುದು ಹೇಗೆ? ಕೆಳಗಿನ ಮನೆಯವರು ಬನ್ನಿ ಅಂತ ಹೇಳಿದ್ರೂ ನಾನು ಹೋಗ್ಲಿಕ್ಕಿಲ್ಲ. ನಾಳೆ ಅವರ ಮನೆಗೆ ಒಂದು ಒಳ್ಳೇದಾಗದಿದ್ರೆ?"

ಅಮೆ ಎಂದರೆ ಹೆತ್ತ ಮನೆಯ ಸೂತಕ. ನಾನು ಬೈದೆ, ಬೇಡಿಕೊಂಡೆ, ಅವಳು ಕದಲಲಿಲ್ಲ. ಗುಡ್ಡಕ್ಕಿಂತ ಆ ಎರಡು ದಿನ ಅವಳಿಗೆ ದೊಡ್ಡದಾಗಿತ್ತು. ಸಫಿಯಾಳಿಗೆ ಫೋನು ಮಾಡಿದೆ. ಐತಪ್ಪಣ್ಣನನ್ನು ಕರೆತರಲು ಹೇಳಿದೆ. ಅಗ್ನಿಶಾಮಕದವರಿಗೂ ಮಾಡಿದೆ. ಅವರು ಇನ್ನೊಂದು ಕಡೆ ಮನೆಯ ಮೇಲೆ ಬಿದ್ದ ಮರ ತೆಗೆಯುತ್ತಿದ್ದರು, ಮುಗಿದ ತಕ್ಷಣ ಬರುತ್ತೇವೆ ಎಂದರು.

ಸಫಿಯಾ ಬಂದಳು, ಗಂಡನ ರಿಕ್ಷಾದಲ್ಲೇ ಐತಪ್ಪಣ್ಣನನ್ನು ಕೂರಿಸಿಕೊಂಡು. ಜಗಲಿ ಹತ್ತಿದವಳೇ ವಿಷಯ ಕೇಳಿ ವಾರಿಜಕ್ಕನ ಮೊರವನ್ನು ಎತ್ತಿ ಬದಿಗಿಟ್ಟಳು.

"ನಮ್ಮ ಮನೆಗೆ ಬನ್ನಿ. ನಮಗೆ ಅಮೆ ಗಿಮೆ ಎಂತದ್ದೂ ಇಲ್ಲ. ನೀವು ಬಂದ್ರೆ ನಮಗೆ ಎಂತ ಸಹ ಆಗ್ಲಿಕ್ಕಿಲ್ಲ."

ವಾರಿಜಕ್ಕ ಅವಳನ್ನೇ ನೋಡಿದಳು. "ನಿಮ್ಮವರು ಎಂತ ಹೇಳ್ತಾರೆ?"

"ನಮ್ಮವರು ಅಗೋ, ರಿಕ್ಷಾದಲ್ಲಿ ಕೂತಿದ್ದಾರೆ. ಬೇಕಾದ್ರೆ ಕೇಳಿ."

ಅವಳ ಗಂಡ ರಿಕ್ಷಾದ ಪರದೆ ಎತ್ತಿ "ಬೇಗ ಬೇಗ" ಎಂದು ಕೈಮಾಡಿದ. ವಾರಿಜಕ್ಕ ಎದ್ದು ಒಳಗೆ ಹೋದಳು. ಮಗುವನ್ನು ಎರಡು ಸೀರೆಯಲ್ಲಿ ಸುತ್ತಿ ತಂದಳು, ಶೋಭಾಳ ತಲೆಗೆ ಕಂಬಳಿ ಹೊದಿಸಿ ಸಫಿಯಾ ನಡೆಸಿಕೊಂಡು ಬಂದಳು. ಎಲ್ಲರನ್ನೂ ಹೊತ್ತು ರಿಕ್ಷಾ ಓಣಿ ಇಳಿದು ಹೋಯಿತು.

ಅಷ್ಟು ಹೊತ್ತೂ ಐತಪ್ಪಣ್ಣ ಹಿತ್ತಿಲಿನಲ್ಲಿದ್ದರು. ನೀರನ್ನು ಅಂಗೈಯಲ್ಲಿ ಹಿಡಿದು ಮೂಸಿದರು, ಬಿರುಕಿನ ಉದ್ದಕ್ಕೆ ನಡೆದರು. ಕೆಳಗಿನ ಆರು ಮನೆಯವರನ್ನೂ ಎಬ್ಬಿಸಲು ಹೇಳಿದರು. ಆಮೇಲೆ ವಾರಿಜಕ್ಕನ ಬಾವಿಯ ಹಗ್ಗ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳತೊಡಗಿದರು.

"ನೀವು ಬೇಡ. ನಾನು ಹೋಗ್ತೇನೆ" ಎಂದೆ. "ಕಟ್ಟಿಸಿದ್ದು ನಾನು."

"ಕಟ್ಟಿಸಿದ್ದು ನೀವು, ಅದು ಹೌದು. ಮಣ್ಣು ಬೀಳುವ ಮೊದ್ಲು ಒಂದು ಶಬ್ದ ಬರ್ತದೆ. ಅದು ನಿಮ್ಗೆ ಗೊತ್ತಾಗ್ಲಿಕ್ಕಿಲ್ಲ. ಈ ನೀರು ಒಳಗೇ ನಿಂತ್ರೆ ಗುಡ್ಡೆ ಪೂರಾ ಬರ್ತದೆ, ಏಳು ಮನೆಯೂ ಹೋಗ್ತದೆ." ಕೈ ಚಾಚಿದರು. "ಆ ಪೀಪಿ ಕೊಡಿ. ಬಿಡದೆ ಊದಿದ್ರೆ ಎಳೀರಿ."

ಇಪ್ಪತ್ತು ವರ್ಷದಿಂದ ಯಾರಿಗೂ ಮುಟ್ಟಲು ಕೊಡದ ಸೀಟಿಯನ್ನು ಬಿಚ್ಚಿ ಅವರ ಕತ್ತಿಗೆ ಹಾಕಿದೆ. ಹಾರೆಗೋಲು ಹಿಡಿದು, ಮಡಚದ ಮೊಣಕಾಲನ್ನು ಎಳೆದುಕೊಂಡು, ಅವರು ಒಳಗೆ ಹೋದರು. ಹಗ್ಗ ನನ್ನ ಕೈಯಲ್ಲಿ, ನನ್ನ ಹಿಂದೆ ಹಗ್ಗ ಹಿಡಿದು ನೆರೆಯ ಮನೆಯ ಇಬ್ಬರು ಗಂಡಸರು. ಹಗ್ಗ ಇಪ್ಪತ್ತು ಹೆಜ್ಜೆಯಷ್ಟು ಹೋಗಿ ನಿಂತಿತು.

ಮೊದಲ ಏಟು ಕೇಳಿಸಿತು. ಆಮೇಲೆ ಎರಡನೆಯದು. ಮಣ್ಣಿನ ಕಟ್ಟವಾಗಿದ್ದರೆ ಇಷ್ಟರಲ್ಲಿ ಒಂದು ಒದೆತಕ್ಕೆ ಎಲ್ಲ ಮುಗಿದು ಅವರು ಹೊರಗೆ ಬಂದು ಬೀಡಿ ಹಚ್ಚುತ್ತಿದ್ದರು. ನಾನು ಏಟುಗಳನ್ನು ಎಣಿಸುತ್ತಿದ್ದೆ, ಬೇರೆ ಏನೂ ಮಾಡಲು ನನಗೆ ಉಳಿದಿರಲಿಲ್ಲ. ಹನ್ನೆರಡು, ಹದಿಮೂರು. ಹದಿನೇಳಕ್ಕೆ ನಿಂತು ಕೆಮ್ಮಿದರು. ಮತ್ತೆ ಶುರು. ಮೇಲಿನಿಂದ ಸಣ್ಣ ಕಲ್ಲುಗಳು ಉದುರಿ ಮನೆಯ ಹೆಂಚಿನ ಮೇಲೆ ಟಕ್ ಟಕ್ ಎನ್ನುತ್ತಿದ್ದವು. ಇಪ್ಪತ್ತೊಂಬತ್ತು, ಮೂವತ್ತು. ಗಟ್ಟಿಯಾಗಲಿ ಎಂದು ಮೇಸ್ತ್ರಿಗೆ ಎರಡು ಸಲ ಹೇಳಿದ್ದೆ. ಅವನು ಹೇಳಿದ ಹಾಗೆಯೇ ಮಾಡಿದ್ದ, ಪುಣ್ಯಾತ್ಮ. ಇವರಿಗೆ ಏನಾದರೂ ಆದರೆ ಇನ್ನು ಯಾವ ಮುಖ ಹೊತ್ತು ಈ ಊರಿನ ರಸ್ತೆಯಲ್ಲಿ ನಡೆಯುವುದು ಎಂದು ಅಳು ಬಂತು. ಅಳುತ್ತಲೇ ಎಣಿಸಿದೆ.

ನಲವತ್ತಮೂರಕ್ಕೆ ಸದ್ದು ನಿಂತಿತು.

ಒಳಗಿನಿಂದ ಏನೂ ಇಲ್ಲ. ಹಿಂದಿನವನೊಬ್ಬ "ಎಳೆಯುವನಾ?" ಎಂದ. "ಸೀಟಿ ಬರ್ಲಿಲ್ಲ" ಎಂದೆ. ಆಗ ನನ್ನ ಪಾದಕ್ಕೆ ತಣ್ಣಗೆ ನೀರು ತಾಗಿತು. ಪಾದದಿಂದ ಮೀನಖಂಡಕ್ಕೆ ಬಂತು, ಕೆಂಪು ಕೆಸರು, ಬೇರು, ಕಲ್ಲು ಎಲ್ಲ ಸೇರಿ. ಅದರ ಹಿಂದೆಯೇ ಸೀಟಿ ಬಿಡದೆ ಕೂಗಿತು. ನಾವು ಮೂವರೂ ಹಿಂದಕ್ಕೆ ಬಿದ್ದು ಬಿದ್ದು ಎಳೆದೆವು. ಐತಪ್ಪಣ್ಣ ನೀರಿನೊಂದಿಗೇ ಜಾರಿಕೊಂಡು ಹೊರಗೆ ಬಂದರು, ತಲೆಯಿಂದ ಕಾಲಿನವರೆಗೆ ಮಣ್ಣು, ಹಲ್ಲುಗಳ ನಡುವೆ ನನ್ನ ಸೀಟಿ.

ಅದನ್ನು ಉಗುಳಿ, ಉಸಿರು ಸಿಕ್ಕಿದ ಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ ಅಂದರು: "ಗಟ್ಟಿ ಉಂಟು ಟೀಚರ್ ನಿಮ್ಮ ಕಟ್ಟ."

ಆ ಬಗ್ಗೆ ಅವರು ಆಡಿದ ಮಾತು ಅದೊಂದೇ.

ಹನ್ನೊಂದು ಗಂಟೆಯ ಹೊತ್ತಿಗೆ ಗುಡ್ಡದ ಒಂದು ಪಾಲು ಜಾರಿತು. ಇಡೀ ಗುಡ್ಡ ಬರಲಿಲ್ಲ, ಕೆಳಗಿನ ಆರು ಮನೆಗೆ ಏನೂ ಆಗಲಿಲ್ಲ. ವಾರಿಜಕ್ಕನ ಹಿಂದಿನ ಕೋಣೆಯ ಗೋಡೆ ಒಳಕ್ಕೆ ಬಿತ್ತು. ಶೋಭಾ ಮಲಗಿದ್ದ ಮಂಚದ ಮೇಲೆ ಎದೆಮಟ್ಟದ ಮಣ್ಣು ನಿಂತಿತ್ತು. ಮಗುವಿನ ತೊಟ್ಟಿಲ ಹಗ್ಗ ಮಾತ್ರ ಮಾಡಿನ ಮರದ ಪಕಾಸಿನಿಂದ ಇನ್ನೂ ನೇತಾಡುತ್ತಿತ್ತು. ಅದನ್ನು ನಾನು ಕಿಟಕಿಯಿಂದ ನೋಡಿದೆ.

ಆಗಸ್ಟಿನಲ್ಲಿ ಓಣಿಯವರೆಲ್ಲ ಸೇರಿ ನಮ್ಮ ಶಾಲೆಯಲ್ಲೇ ಒಂದು ಸಭೆ ಇಟ್ಟರು. "ಟೀಚರ್ ಅವತ್ತು ನಡೆಯುತ್ತ ಓಣಿಗೆ ಬಾರದೇ ಇದ್ದರೆ, ಕೆಂಪು ನೀರು ನೋಡದೇ ಇದ್ದರೆ" ಎಂದು ಹೇಳಿ ಶಾಲು ಹೊದಿಸಿದರು. ಎರಡನೆಯ ಶಾಲು ಐತಪ್ಪಣ್ಣನಿಗೆ. ಮೈಕು ನನ್ನ ಕೈಗೆ ಬಂತು. ಹೇಳಬೇಕೆಂದು ಬಾಯಿ ತೆರೆದೆ. ಎದುರಿನ ಸಾಲಿನಲ್ಲಿ ವಾರಿಜಕ್ಕ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. "ಇದು ನಮ್ಮೆಲ್ಲರ ಕೆಲಸ" ಎಂದು ಹೇಳಿ ಕುಳಿತೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಐತಪ್ಪಣ್ಣ ಕೂಡ. ಮರುವರ್ಷ ಕಡಬಕ್ಕೆ ವರ್ಗ ಕೇಳಿ ಪಡೆದೆ. ಮನೆಗೆ ಹತ್ತಿರ ಎಂದು ಎಲ್ಲರಿಗೂ ಹೇಳಿದೆ.

ಕಳೆದ ಭಾನುವಾರ ಆ ಕಡಿದ ಗುಡ್ಡದೆದುರು ಎಷ್ಟು ಹೊತ್ತು ನಿಂತಿದ್ದೆನೋ. ಅಲ್ಲಿಂದ ನೇರ ಇಳಿದು ಪುತ್ತೂರು ಬಸ್ಸು ಹತ್ತಿದೆ.

ವಾರಿಜಕ್ಕನ ಮನೆ ಈಗ ಗುಡ್ಡದಿಂದ ದೂರಕ್ಕೆ, ಅಂಗಳವಿದ್ದಲ್ಲಿಗೆ ಸರಿದಿದೆ. ಎರಡೇ ಕೋಣೆ. ಸುರಂಗದ ಬಾಯಿಯಿಂದ ತಿಳಿನೀರು ಯಾವ ಅಡ್ಡಿಯೂ ಇಲ್ಲದೆ ತೋಡಿಗೆ ಹರಿಯುತ್ತಿತ್ತು. ಪತ್ತನಾಜೆ ಕಳೆದಿತ್ತು, ಈ ವರ್ಷದ ಮಣ್ಣಿನ ಕಟ್ಟವನ್ನು ಒಡೆದಾಗಿತ್ತು. ಬಾವಿಕಟ್ಟೆಯ ಹತ್ತಿರ ವಾರಿಜಕ್ಕ ಬಟ್ಟೆ ಒಗೆಯುತ್ತಿದ್ದಳು, ಮೊಮ್ಮಗಳು ಬಕೆಟ್ಟಿನ ನೀರಿನಲ್ಲಿ ಕೈ ಆಡಿಸುತ್ತಿದ್ದಳು.

"ಓ ಟೀಚರ್, ದಾರಿ ತಪ್ಪಿ ಬಂದ್ರಾ ಹೇಗೆ?"

"ತಪ್ಪಿಯೇ ಬಂದದ್ದು" ಎಂದೆ. ನಿಂತಲ್ಲೇ, ಹೇಳಬೇಕಾದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಸಿಮೆಂಟು, ಮೇಸ್ತ್ರಿ, ಐತಪ್ಪಣ್ಣ ಬೇಡವೆಂದದ್ದು, ಪತ್ತನಾಜೆಗೆ ಒಡೆಸುತ್ತೇನೆ ಎಂದು ಮಾತು ಕೊಟ್ಟದ್ದು, ಸಭೆಯಲ್ಲಿ ಶಾಲು ಹೊದ್ದು ಬಾಯಿ ಮುಚ್ಚಿದ್ದು.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಅದು ನಂಗೆ ಗೊತ್ತುಂಟು ಟೀಚರ್" ಎಂದಳು.

"ಹೇಗೆ?"

ತಾನು ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ತೋರಿಸಿದಳು. "ಮಣ್ಣು ತೆಗೆಯುವಾಗ ಸಿಕ್ಕಿತು. ಗುಡ್ಡೆ ಯಾಕೆ ಬಂತು ಅಂತ ಆಗ ಅರ್ಥ ಆಯ್ತು. ಐತಪ್ಪಣ್ಣನೇ ಹೊರಿಸಿ ತಂದು ಇಲ್ಲಿ ಕೂರಿಸಿದ್ದು. ಬರೆದ ಬದಿ ಕೆಳಗೆ ಮಾಡಿ ಇಟ್ರು. ಟೀಚರ್ ಬಂದಾಗ ಬೇಜಾರಾಗುದು ಬೇಡ ಅಂದ್ರು."

ಅದು ಕಲ್ಲಲ್ಲ, ಸಿಮೆಂಟಿನ ತುಂಡು. ನಾನು ಅದರ ಪಕ್ಕದಲ್ಲೇ ಕೂತುಬಿಟ್ಟೆ.

"ಐತಪ್ಪಣ್ಣ ಎಲ್ಲಿದ್ದಾರೆ ಈಗ?"

"ಬೆಳ್ಳಾರೆಯಲ್ಲಿ, ಮಗಳ ಮನೆಯಲ್ಲಿ. ಮೊನ್ನೆ ಪತ್ತನಾಜೆಗೆ ಬಂದು ಕಟ್ಟ ಒದ್ದು ಹೋದ್ರು."

"ಸ್ವಲ್ಪ ಹಿಡೀರಿ" ಎಂದೆ. ಇಬ್ಬರೂ ಸೇರಿ ಅದನ್ನು ಮಗುಚಿದೆವು. ಅಡಿಯಲ್ಲಿ ಎರೆಹುಳುಗಳಿದ್ದವು. ವಾರಿಜಕ್ಕ ಒಂದು ಚೊಂಬು ನೀರು ಹೊಯ್ದಳು. ಮೇಲಿನ ಸಾಲು ಒಡೆದು ಹೋಗಿ "ಬಳಗ" ಮಾತ್ರ ಉಳಿದಿತ್ತು, ಅದರ ಕೆಳಗೆ ನನ್ನ ಹೆಸರು ಪೂರ್ತಿ ಇತ್ತು. ಮಗು ಬಂದು ಆ ಅಕ್ಷರಗಳಲ್ಲಿ ಬೆರಳಾಡಿಸಿತು.

"ಇನ್ನು ಹೀಗೇ ಇರ್ಲಿ" ಎಂದೆ.

"ಬಟ್ಟೆ ಹರೀತದೆ ಟೀಚರ್, ಆ ಬದಿ ನುಣ್ಣಗಿತ್ತು."

"ಹರಿದ್ರೆ ಸಫಿಯಾ ಹೊಲಿದು ಕೊಡ್ತಾಳೆ."

ಅವಳು ನಕ್ಕಳು. ಮೊಮ್ಮಗಳ ಫ್ರಾಕನ್ನು ನನ್ನ ಹೆಸರಿನ ಮೇಲೆ ಹರಡಿ, ಸಾಬೂನು ಹಚ್ಚಿ ತಿಕ್ಕತೊಡಗಿದಳು. ನಾನು ಬೆಳ್ಳಾರೆ ಬಸ್ಸಿಗೆ ಹೊರಟೆ.